ಏಣಿಯಿಂದ ಬಿದ್ದಳೆಂದು ನಾನು ಹೇಳಿದ ಬಗ್ಗೆ

ಹೇಳಿಕೆ ಕೊಡುವವನ ಹೆಸರು ಕೆಂಪರಾಜು ಬಿನ್ ಲೇಟ್ ದಾಸಪ್ಪ, ವಯಸ್ಸು ಐವತ್ತೇಳು ವರ್ಷ, ಕಸುಬು ವ್ಯವಸಾಯ ಮತ್ತು ರೇಷ್ಮೆ ಸಾಕಣೆ, ಅದಕ್ಕೆ ಮೊದಲು ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಟೈಮ್ ಕೀಪರ್, ವಾಸ ಹೊಂಗನೂರು ಗ್ರಾಮ, ಚನ್ನಪಟ್ಟಣ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ. ಹೆಡ್ ಕಾನ್‌ಸ್ಟೆಬಲ್ ನಾಗರಾಜು ಅವರು ತಾವೇ ಬರೆದುಕೊಳ್ಳುವುದಾಗಿ ಹೇಳಿದರೂ, ಬಿ.ಎ. ಎರಡನೇ ವರ್ಷದವರೆಗೆ ಓದಿದವನಾದ್ದರಿಂದ ನನ್ನ ಕೈಯಲ್ಲೇ ಬರೆಯುತ್ತೇನೆಂದು ಕೇಳಿ, ಅವರು ಒಪ್ಪಿ ಹಾಳೆ ಕೊಟ್ಟ ಮೇರೆಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

ದಿನಾಂಕ 20-03-2006ರಂದು ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ, ನಲವತ್ತೊಂಬತ್ತು ವರ್ಷ, ರಸ್ತೆಯಲ್ಲಿ ಗಾಯಗೊಂಡು ಅದೇ ದಿನ ಸಂಜೆ ಬೆಂಗಳೂರಿನಲ್ಲಿ ತೀರಿಕೊಂಡ ವಿಷಯ ಠಾಣೆಯಲ್ಲಿ ದಾಖಲಾಗಿದೆ. ಆ ಪ್ರಕರಣದಲ್ಲಿ ರಾಮನಗರದ ಟೆಂಪೊ ಚಾಲಕ ಮೆಹಬೂಬ್ ಎಂಬುವನನ್ನು ಆರೋಪಿಯೆಂದು ಹಿಡಿದಿಟ್ಟಿದ್ದು, ಅವನು ಓಡಿಸುತ್ತಿದ್ದ ಟೆಂಪೊ ಠಾಣೆಯ ಬೇವಿನ ಮರದ ಕೆಳಗೆ ನಿಂತಿದೆ. ಅವನು ಗುದ್ದಿದವನಲ್ಲ, ಎತ್ತಿಕೊಂಡು ಹೋದವನು. ನನಗೆ ಬರೆಯುತ್ತ ಬರೆಯುತ್ತ ಮಾತು ಎಲ್ಲೆಲ್ಲಿಗೋ ಹೋಗುವ ಚಾಳಿ ಇರುವುದರಿಂದ, ಓದುವವರು ಅರ್ಧಕ್ಕೇ ಬಿಟ್ಟರೂ ಇದೊಂದು ತಿಳಿದಿರಲಿ ಎಂದು ಇದನ್ನು ಮೊದಲೇ ಬರೆದಿದ್ದೇನೆ.

ಆ ದಿನ ಸೋಮವಾರ. ಕೂಟಗಲ್ಲಿನಲ್ಲಿ ನನ್ನ ಹೆಂಡತಿಯ ಅಕ್ಕನ ಮೊಮ್ಮಗುವಿಗೆ ನಾಮಕರಣವಿತ್ತು. ನಮ್ಮ ಮನೆಯಲ್ಲಿ ಹುಳು ಎರಡನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಹುಳು ಪೊರೆ ಬಿಡುವ ಮೊದಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಮಲಗುವುದು. ಸೊಪ್ಪು ಹಾಕುವ ಕೆಲಸ ಒಂದು ದಿನ ಇರುವುದಿಲ್ಲ. ರೇಷ್ಮೆ ಮನೆಯ ಹೆಂಗಸು ಊರು ಬಿಡುವುದು ಇಂಥ ದಿನದಲ್ಲಿಯೇ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಜೊತೆಯಾಗಿ ಹೋದ ಊರುಗಳೆಲ್ಲ ಹುಳು ಜ್ವರಕ್ಕೆ ಕೂತಾಗ ಹೋದವೇ. ಬೆಳಿಗ್ಗೆ 7-50ರ ಬಸ್ಸು ಹತ್ತಿ 8-20ಕ್ಕೆ ಚನ್ನಪಟ್ಟಣದಲ್ಲಿ ಇಳಿದೆವು. ಮಗುವಿಗೆ ಒಂದು ಮರದ ಗಿಲಕಿ ತೆಗೆದುಕೊಳ್ಳಬೇಕೆಂದು ಆಕೆ ಹೇಳಿದಳು. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲೇ ತೆಗೆದುಕೊಳ್ಳೋಣವೆಂದು ನಾನು ಹೇಳಿದೆ. ಅಲ್ಲಿಯದಕ್ಕೆ ಬಣ್ಣ ನಿಲ್ಲುವುದಿಲ್ಲ, ಮಗು ಬಾಯಿಗೆ ಇಡುತ್ತದೆ ಎಂದು ಆಕೆ ಒಪ್ಪಲಿಲ್ಲ. ರಾಮನಗರದ ಕಡೆಗೆ ಹೆದ್ದಾರಿಯಲ್ಲಿ ಸುಮಾರು ಒಂದೂವರೆ ಕಿಲೋಮೀಟರು ದೂರದಲ್ಲಿರುವ ಬಿಸ್ಮಿಲ್ಲಾ ಎಂಬುವರ ಬೊಂಬೆ ಅಂಗಡಿಗೆ ಆಟೋದಲ್ಲಿ ಹೋದೆವು. ಅಲ್ಲಿ ಇಪ್ಪತ್ತು ನಿಮಿಷ ಆರಿಸಿದಳು.

ಸಮಯ 9-10. ನನ್ನ ಹೆಂಡತಿ ಬಸ್ಸಿಗೆ ಕೈ ತೋರಿಸಲು ಅಂಗಡಿಯ ಮುಂದೆ, ಡಾಂಬರಿನ ಅಂಚಿನಿಂದ ಎಂಟು ಅಡಿ ಒಳಗೆ, ಮಣ್ಣಿನ ಮೇಲೆ ನಿಂತಿದ್ದಳು. ಈ ಎಂಟು ಅಡಿಯನ್ನು ನಾನು 29ನೇ ತಾರೀಖು ಹೋಗಿ ಟೇಪಿನಲ್ಲಿ ಅಳೆದಿದ್ದೇನೆ. ನಾನು ಅಂಗಡಿಯ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದು ವಾಹನಗಳೆಲ್ಲ ಒಂದೇ ಪಟ್ಟಿಯಲ್ಲಿ ಹೋಗುತ್ತಿದ್ದವು. ಜಲ್ಲಿ ತುಂಬಿದ ಟಿಪ್ಪರೊಂದು ಮುಂದಿನ ಬಸ್ಸನ್ನು ಎಡಗಡೆಯಿಂದ ದಾಟಲು ಮಣ್ಣಿಗೆ ಇಳಿದು, ಅದರ ಮೂಲೆ ನನ್ನ ಹೆಂಡತಿಯ ಎಡಭಾಗಕ್ಕೆ ತಗುಲಿ, ಆಕೆ ಜಲ್ಲಿಯ ಗುಡ್ಡೆಯ ಮೇಲೆ ಬಿದ್ದಳು. ಟಿಪ್ಪರು ನಿಲ್ಲಲಿಲ್ಲ. ಹಿಂದಿನ ನಂಬರಿನ ಮೇಲೆ ಕೆಸರು ಮೆತ್ತಿತ್ತು. ಅದು ಹಳದಿ ಬಣ್ಣದ್ದು ಎಂದಷ್ಟೇ ಹೇಳಬಲ್ಲೆ.

ತಲೆಯ ಹಿಂದೆ ಎರಡು ಅಂಗುಲದಷ್ಟು ಒಡೆದು ರಕ್ತ ಬರುತ್ತಿತ್ತು. ಪ್ರಜ್ಞೆ ಇತ್ತು. ಮೊದಲು ಸೆರಗು ಸರಿಮಾಡಿಕೊಂಡಳು. ಬಿಸ್ಮಿಲ್ಲಾ ಅವರು ಒಳಗಿನಿಂದ ಚಾಪೆ ತಂದರು. ಒಂದು ಕಾರು ನಿಂತಿತು. ಕಾರಿನವರು ಕಿಟಕಿ ಇಳಿಸಿ ನೋಡಿ ಹೊರಟುಹೋದರು. ಒಬ್ಬ ಆಟೋದವನು ತನಗೆ ಕೋರ್ಟು ಅಲೆಯಲು ಆಗುವುದಿಲ್ಲ, ತಪ್ಪು ತಿಳಿಯಬೇಡಿ ಎಂದ. ನಾನು ತಪ್ಪು ತಿಳಿಯಲಿಲ್ಲ. 9-24ಕ್ಕೆ ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ತುಂಬಿಕೊಂಡು ಹೋಗುತ್ತಿದ್ದ ಟೆಂಪೊ ತಾನಾಗಿ ನಿಂತಿತು. ಅದನ್ನು ಓಡಿಸುತ್ತಿದ್ದವನೇ ಮೆಹಬೂಬ್. ಅದುವರೆಗೆ ಅವನನ್ನು ನಾನು ನೋಡಿದವನಲ್ಲ. ಗೂಡಿನ ಚೀಲಗಳ ಮೇಲೆ ಚಾಪೆ ಹಾಸಿ ಆಕೆಯನ್ನು ಮಲಗಿಸಿದೆವು. ಗೂಡು ನಜ್ಜಾಗುತ್ತದೆ, ಬೇರೆ ಕಡೆ ಮಲಗಿಸಿ ಎಂದು ಆಕೆ ಹೇಳಿದಳು. ಬೇರೆ ಕಡೆ ಜಾಗವಿರಲಿಲ್ಲ.

ಚನ್ನಪಟ್ಟಣಕ್ಕೆ ವಾಪಸು ತಿರುಗಿಸಲು ಕಾಮಗಾರಿಯ ಕಾರಣ ದಾರಿ ಇಲ್ಲದೆ ರಾಮನಗರಕ್ಕೇ ಹೋಗಬೇಕಾಯಿತು. ಟೆಂಪೊ ಹೊರಡುವಾಗ ನಮ್ಮೂರಿನ ಮುನಿಶಾಮಯ್ಯ ಎಂಬುವರು ಜನರ ನಡುವಿನಿಂದ ಬಂದು, ತಾನೂ ಜೊತೆಗಿರುತ್ತೇನೆಂದು ಹತ್ತಿದರು. ಇವರು ಊರಿನ ಯಾರಿಗೇ ಕಾಯಿಲೆಯಾದರೂ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು. ಯಾವ ಚೀಟಿ ಯಾವ ಕಿಟಕಿಯಲ್ಲಿ ಎಂಬುದು ಗೊತ್ತಿರುವವರು. ಒಳ್ಳೆಯ ಮನುಷ್ಯ. ದಾರಿಯಲ್ಲಿ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಆಕ್ಸಿಡೆಂಟು ಅಂತ ಮಾತ್ರ ಅನ್ಬ್ಯಾಡ ಕಣಣ್ಣ. ಅಂದ್ಯೋ, ಪೊಲೀಸ್ನೋರು ಬರೋಗಂಟ ಸೂಜಿನೂ ಚುಚ್ಚಾಕಿಲ್ಲ. ನಮ್ ಬೋರಣ್ಣನ ಮಗನ್ನ ಹಂಗೇ ವರಾಂಡದಲ್ಲಿ ಮಡಗಿದ್ರು. ಮನೇಲಿ ಬಿದ್ಲು ಅನ್ನು."

ಇದು ಮುನಿಶಾಮಯ್ಯನವರೊಬ್ಬರ ಮಾತಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಹೊಲದಲ್ಲಿ ಎತ್ತು ಹಾಯ್ದರೆ ಹಾಯ್ದಿತು ಎನ್ನುತ್ತೇವೆ, ರಸ್ತೆಯಲ್ಲಿ ಗಾಡಿ ಗುದ್ದಿದರೆ ಮನೆಯಲ್ಲಿ ಬಿದ್ದರು ಎನ್ನುತ್ತೇವೆ. ಆಗ ಮೆಹಬೂಬ್ ಗಾಡಿ ಓಡಿಸುತ್ತಲೇ, ನಿಜವನ್ನೇ ಹೇಳಿಬಿಡಿ, ಏನಾಯಿತೆಂದು ಗೊತ್ತಾದರೆ ತಾನೇ ಡಾಕ್ಟರು ನೋಡುವುದು ಎಂದನು. ಆಕ್ಸಿಡೆಂಟು ಎಂದರೆ ಮೊದಲು ನಿನ್ನ ಮೇಲೇ ಬರುತ್ತದಲ್ಲಪ್ಪ ಎಂದು ನಾನು ಕೇಳಿದೆ. ತಾನು ಗುದ್ದಿಲ್ಲವಲ್ಲ, ತನಗೆ ಯಾಕೆ ಬರುತ್ತದೆ ಎಂದನು. ಅವನಿಗೆ ಇಪ್ಪತ್ತಾರು ವರ್ಷ.

9-55ಕ್ಕೆ ರಾಮನಗರದ ಒಂದು ಆಸ್ಪತ್ರೆ ತಲುಪಿದೆವು. ಆಸ್ಪತ್ರೆಗಳ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಇಲ್ಲಿ ಬೇಡ, ಇದು ಅವರ ಮೇಲಿನ ದೂರಲ್ಲ. 10-05ಕ್ಕೆ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಬಂದು ಏನಾಯಿತು ಎಂದು ಕೇಳಿದರು. ಹುಳುಮನೆಯಲ್ಲಿ ಚಂದ್ರಿಕೆ ಇಳಿಸುವಾಗ ಏಣಿಯಿಂದ ಜಾರಿದಳು ಎಂದು ನಾನು ಹೇಳಿದೆ. ಎಷ್ಟು ಎತ್ತರ ಎಂದು ಕೇಳಿದರು. ನಾಲ್ಕಡಿ ಎಂದೆ. ಹೇಳುವಾಗ ನಾಲಗೆ ತೊದಲಲಿಲ್ಲ. ಏಣಿ ನಮ್ಮ ಮನೆಯಲ್ಲಿದೆ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೂ ಇದೆ, ಆದ್ದರಿಂದ ಸುಳ್ಳಿಗೆ ಕಣ್ಣಿನ ಮುಂದೆ ಚಿತ್ರವಿತ್ತು. ಡಾಕ್ಟರು ನನ್ನ ಹೆಂಡತಿಯ ಕಡೆ ತಿರುಗಿ, ಹೌದೇನಮ್ಮ ಎಂದು ಕೇಳಿದರು. ಆಕೆ ನನ್ನ ಮುಖ ನೋಡಿದಳು. ಆಮೇಲೆ ಹೀಗೆ ಹೇಳಿದಳು:

"ಹೂಂ ಕಣವ್ವ. ಅವರು ಯೋಳ್ದಂಗೇಯ."

ಎಲ್ಲಿ ನೋವು ಎಂದಾಗ ತಲೆ ಎಂದಳು, ಪಕ್ಕೆಯಲ್ಲೂ ಒಸಿ ಹಿಡಕೊಂಡಂಗೈತೆ ಎಂದಳು. ನಾಲ್ಕಡಿ ಎತ್ತರದಿಂದ ಬಿದ್ದವಳಿಗೆ ಪಕ್ಕೆ ಒಸಿ ಹಿಡಿದುಕೊಳ್ಳುವುದು ಸಹಜವೇ. ತಲೆಗೆ ಐದು ಹೊಲಿಗೆ ಹಾಕಿ, ಟಿ.ಟಿ. ಇಂಜೆಕ್ಷನ್ ಕೊಟ್ಟು, ಬಾಟಲು ಏರಿಸಿ, ಎರಡು ಗಂಟೆ ಅಬ್ಸರ್ವೇಷನ್ ಎಂದು ಬರೆದು ಡಾಕ್ಟರು ಬೇರೆ ರೋಗಿಗಳ ಕಡೆ ಹೋದರು. ಮುನಿಶಾಮಯ್ಯನವರು, ನೋಡಿದೆಯಾ, ಪಟ್ಟಂತ ಕೆಲಸ ಆಯಿತು ಎಂದು ಹೇಳಿ ಕಾಫಿ ತರಲು ಹೋದರು. ನನಗೂ ಹಾಗೆಯೇ ಅನ್ನಿಸಿತು. ಆ ಒಂದು ಗಂಟೆ ಆಕೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಸಂಜೆಗೆ ಮನೆ ಸೇರುತ್ತೇವೆ ಎಂದುಕೊಂಡು ಸಂತೋಷವಾಗಿಯೇ ಇದ್ದೆ ಎಂಬುದನ್ನೂ ಬರೆಯಬೇಕು. ಆಕೆ ನಾಮಕರಣಕ್ಕೆ ಏನು ಹೆಸರು ಇಟ್ಟಿರಬಹುದೆಂದು ಕೇಳಿದಳು. ಸಿರಿ ಎಂದು ಮಾತಾಡುತ್ತಿದ್ದರು ಎಂದೆ. ಚೆಂದಾಗೈತೆ, ಕರೆಯೋಕೂ ಸಲೀಸು, ನನ್ನ ಹೆಸರು ಕರೆಯೋಷ್ಟರಲ್ಲಿ ಬಸ್ಸು ಹೋಗ್ಬುಡ್ತದೆ ಎಂದಳು. ನಾವಿಬ್ಬರೂ ನಕ್ಕೆವು. ನಕ್ಕಾಗ ಆಕೆ ಪಕ್ಕೆ ಹಿಡಿದುಕೊಂಡಳು.

11-25ಕ್ಕೆ ಆಕೆಯ ಮೈ ಬೆವರಿತು, ಬಾಯಾರಿಕೆ ಎಂದಳು. ಕೈ ತಣ್ಣಗಿತ್ತು. ನರ್ಸು ನಾಡಿ ನೋಡಿ ಓಡಿದರು. ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದರು. ಹೊಟ್ಟೆ ಗಟ್ಟಿಯಾಗಿತ್ತು. ಅವರು ನನ್ನನ್ನು ವರಾಂಡಕ್ಕೆ ಕರೆದು, ಇದು ಏಣಿಯಿಂದ ಬಿದ್ದದ್ದಲ್ಲ, ನಿಜ ಹೇಳಿ ಎಂದರು. ಸಮಯ 11-40ಕ್ಕೆ ನಾನು ನಿಜ ಹೇಳಿದೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ಆಪರೇಷನ್ ಆಗಬೇಕು, ಅದು ಇಲ್ಲಿ ಆಗುವುದಿಲ್ಲ, ಗಾಡಿ ಗುದ್ದಿತು ಎಂದಿದ್ದರೆ ನೋಡಿದ ಕೂಡಲೇ ಬೆಂಗಳೂರಿಗೆ ಕಳಿಸುತ್ತಿದ್ದೆ ಎಂದರು. ಆಕ್ಸಿಡೆಂಟು ಎಂದರೆ ಮುಟ್ಟುವುದಿಲ್ಲ ಎಂದು ಕೇಳಿದ್ದೆವಮ್ಮ ಎಂದೆ. ಕೆಲವು ಕಡೆ ಹಾಗೆ ಮಾಡುತ್ತಾರೆ, ನಾನು ಮಾಡುವವಳಲ್ಲ, ಆದರೆ ಅದು ನಿಮಗೆ ಹೇಗೆ ಗೊತ್ತಾಗಬೇಕು ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಇಲ್ಲಿ ಒಂದು ಮಾತು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು ಒಂದು ವಾಕ್ಯವನ್ನು ನೂರು ಸಾರಿ ಬರೆಸಿದ್ದರು. ದಿ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್. ಉಳಿದ ಇಂಗ್ಲಿಷ್ ಎಲ್ಲ ಮರೆತರೂ ಇದು ಉಳಿದಿದೆ. ನಮ್ಮ ವಿಷಯದಲ್ಲಿ ಡಾಕ್ಟರು ಮೊದಲೇ ಬಂದಿದ್ದರು. ಎದುರಿಗೇ ನಿಂತು ಕೇಳಿದರು. ನಾನೇ ಹೇಳಲಿಲ್ಲ.

ಆಸ್ಪತ್ರೆಯ ಆಂಬುಲೆನ್ಸು ಹೆರಿಗೆ ಕೇಸಿಗೆ ಕನಕಪುರದ ಕಡೆ ಹೋಗಿತ್ತು. ಬೇರೆ ವ್ಯಾನು ಹುಡುಕುತ್ತ ಇಪ್ಪತ್ತೈದು ನಿಮಿಷ ಕಳೆಯಿತು. ಆಗ ಗೇಟಿನ ಹೊರಗೆ ಮೆಹಬೂಬ್ ಟೆಂಪೊ ಸಮೇತ ನಿಂತಿರುವುದನ್ನು ಕಂಡೆ. ಗೂಡನ್ನು ಮಾರುಕಟ್ಟೆಗೆ ಹಾಕಿ, ರಕ್ತ ತಾಗಿದ ಎರಡು ಚೀಲವನ್ನು ಹರಾಜಿನಲ್ಲಿ ಯಾರೂ ಕೂಗದ ಕಾರಣ ವಾಪಸು ತಂದು, ಅಮ್ಮ ಹೇಗಿದ್ದಾರೆ ಎಂದು ಕೇಳಲು ಬಂದಿದ್ದನು. ಅವನು ಅಲ್ಲಿಂದಲೇ ಮನೆಗೆ ಹೋಗಿದ್ದರೆ ಯಾರ ಪುಸ್ತಕದಲ್ಲೂ ಅವನ ಹೆಸರು ಇರುತ್ತಿರಲಿಲ್ಲ. 12-05ಕ್ಕೆ ಹೊರಟೆವು. ಮುನಿಶಾಮಯ್ಯನವರು ಊರಿಗೆ ಸುದ್ದಿ ಮುಟ್ಟಿಸಲು ಹೋದರು. ನಾನು ಹಿಂದೆ ಕೂತು ಒಂದು ಕೈಯಲ್ಲಿ ಬಾಟಲು ಎತ್ತಿ ಹಿಡಿದು, ಇನ್ನೊಂದರಲ್ಲಿ ಆಕೆಯ ತಲೆ ಹಿಡಿದುಕೊಂಡಿದ್ದೆ. ಬಿಡದಿಯ ಬಳಿ ಕಾರ್ಖಾನೆಗಳ ಲಾರಿಗಳ ಸಾಲಿನಲ್ಲಿ ಇಪ್ಪತ್ತೆರಡು ನಿಮಿಷ ನಿಂತೆವು. ಮೆಹಬೂಬ್ ಇಳಿದು ಓಡಿಹೋಗಿ ಒಬ್ಬೊಬ್ಬ ಲಾರಿಯವರಿಗೂ ಕೈಮುಗಿದು ಪಕ್ಕಕ್ಕೆ ಸರಿಸಿದನು. ಕೆಂಗೇರಿ ದಾಟುವಾಗ ಗಂಟೆ ಎಷ್ಟು ಎಂದು ಆಕೆ ಕೇಳಿದಳು. ಮದುವೆಯಾದಾಗಿನಿಂದ ಆಕೆ ಗಡಿಯಾರ ನೋಡುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದಳು. ಆಗ 1-20. ಹನ್ನೆರಡೂವರೆ ಎಂದು ಹೇಳಿದೆ. ಇನ್ನೂ ಹೊತ್ತೈತೆ ಎಂದಳು.

1-50ಕ್ಕೆ ಬೆಂಗಳೂರಿನ ಮೊದಲ ಆಸ್ಪತ್ರೆ. ಅಲ್ಲಿ ಸ್ಟ್ರೆಚರ್ ಸಿಕ್ಕಿತು, ಹಾಸಿಗೆ ಸಿಗಲಿಲ್ಲ. ಸರ್ಜನ್ ಬೇರೆ ಆಪರೇಷನ್‌ನಲ್ಲಿ ಇದ್ದಾರೆ, ಇನ್ನೊಂದು ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆಯಲು ಮೂವತ್ತೈದು ನಿಮಿಷವಾಯಿತು. ಅಲ್ಲಿ ಜಾಗವಿದೆಯೇ ಎಂದು ಒಂದು ಫೋನ್ ಮಾಡಿ ಕೇಳಬಾರದೇ ಎಂದು ಮೆಹಬೂಬ್ ಕೇಳಿದನು. ಹಾಗೆ ಕೇಳುವ ಪದ್ಧತಿ ಇಲ್ಲ ಎಂದರು. 2-50ಕ್ಕೆ ಎರಡನೇ ಆಸ್ಪತ್ರೆ. ಅಲ್ಲಿನ ಕಿಟಕಿಯಲ್ಲಿ ಕೂತಿದ್ದವರು ನಮ್ಮ ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು, ರಾಮನಗರದ್ದರಲ್ಲಿ ಮೊದಲು ಏಣಿಯಿಂದ ಬಿದ್ದು ಎಂದಿದೆ, ಆಮೇಲೆ ಅದನ್ನು ಹೊಡೆದುಹಾಕಿ ರಸ್ತೆ ಅಪಘಾತ ಎಂದಿದೆ, ಯಾವುದು ಸರಿ, ಯಾರು ತಿದ್ದಿದ್ದು ಎಂದು ಕೇಳಿದರು. ಅಲ್ಲಿಯ ಪೊಲೀಸರನ್ನು ಕರೆಸಿದರು. ನಾನು ಕಿಟಕಿಗೂ ಸ್ಟ್ರೆಚರಿಗೂ ನಡುವೆ ಓಡಾಡುತ್ತಿದ್ದೆ, ಹನ್ನೆರಡು ಹೆಜ್ಜೆ. ಒಂದು ಸಾರಿ ಹೋದಾಗ ಆಕೆ ನನ್ನ ಅಂಗಿಯ ತುದಿ ಹಿಡಿದು ಬಗ್ಗುವಂತೆ ಸನ್ನೆ ಮಾಡಿದಳು. ಬಗ್ಗಿದೆ.

"ಇಲ್ಲೂವೆ ಏಣಿ ಅಂತ್ಲೇ ಯೋಳ್ಬೇಕಾ?"

ಬೇಡ ಕಣೇ, ನಿಜ ಹೇಳು ಎಂದೆ. ಆಕೆಯನ್ನು ಯಾರೂ ಏನೂ ಕೇಳಲಿಲ್ಲ. 3-30ಕ್ಕೆ ಒಳಗೆ ತೆಗೆದುಕೊಂಡರು. ಮೆಹಬೂಬ್ ರಕ್ತ ಕೊಟ್ಟನು. ಇದೂ ದಾಖಲೆಯಲ್ಲಿ ಇರಬೇಕು, ಆಸ್ಪತ್ರೆಯಲ್ಲಿ ಕೇಳಿ ನೋಡಬಹುದು. 4-20ಕ್ಕೆ ಬಾಗಿಲು ತೆರೆದು ಒಬ್ಬ ಡಾಕ್ಟರು ಬಂದು, ಎಡಪಕ್ಕೆಯೊಳಗಿನ ಗುಲ್ಮ ಎಂಬ ಅಂಗ ಒಡೆದು ರಕ್ತ ಪೂರ್ತಿ ಹೊಟ್ಟೆಗೆ ಹೋಗಿತ್ತು, ಮಧ್ಯಾಹ್ನದೊಳಗೆ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದು ಹೇಳಿದರು.

ಆಮೇಲೆ ಅಲ್ಲಿಯ ಪೊಲೀಸರು ಇಂಗ್ಲಿಷಿನಲ್ಲಿ ಬರೆದಿದ್ದ ಒಂದು ಹಾಳೆಗೆ ಸಹಿ ಕೇಳಿದರು. ಓದಬಲ್ಲವನಾದರೂ ಓದಲಿಲ್ಲ. ಆಕೆಯ ಹೆಸರು, ವಯಸ್ಸು ಸರಿಯಾಗಿವೆಯೇ ಎಂದಷ್ಟೇ ನೋಡಿ ಸಹಿ ಮಾಡಿದೆ. ಟೆಂಪೊದಲ್ಲಿ ರಕ್ತ ಕಂಡದ್ದು, ಚೀಟಿಯಲ್ಲಿ ಎರಡು ಕಥೆ ಇದ್ದದ್ದು, ಟೆಂಪೊದವನೇ ಗುದ್ದಿ ನನಗೆ ಏಣಿಯ ಸುಳ್ಳು ಹೇಳಿಕೊಟ್ಟಿದ್ದಾನೆ ಎಂದು ಅವರು ತಿಳಿದದ್ದು, ಇದ್ಯಾವುದೂ ನನಗೆ ಗೊತ್ತಾಗಲಿಲ್ಲ. 21ನೇ ತಾರೀಖು ಶವವನ್ನು ಊರಿಗೆ ತಂದೆವು.

30ನೇ ತಾರೀಖು ಆಕೆಯ ಹನ್ನೊಂದನೇ ದಿನ. ಅಂದೇ ಯುಗಾದಿ ಬಂದಿತ್ತು. ಊರೆಲ್ಲ ಒಬ್ಬಟ್ಟಿನ ವಾಸನೆ ಇದ್ದಾಗ, ಬೆಳಿಗ್ಗೆ 11 ಗಂಟೆಗೆ ಬುರ್ಖಾ ಹಾಕಿದ ಒಬ್ಬ ವಯಸ್ಸಾದ ಹೆಂಗಸು ನಮ್ಮ ಜಗುಲಿಯ ಕೆಳಗೆ ಬಂದು ನಿಂತರು. ಮೆಹಬೂಬನ ತಾಯಿ ಗುಲ್ಜಾರ್ ಬೀ ಎಂದರು. ನನ್ನ ಮಗಳು ರಮ್ಯಾ ಕುರ್ಚಿ ಹಾಕಿದರೂ ಕೂರಲಿಲ್ಲ. ಕಾರ್ಯದ ಮನೆಗೆ ಬಂದು ಕೇಳುವುದು ತಪ್ಪು ಎಂದು ಗೊತ್ತಿದ್ದೂ ಬಂದಿದ್ದೇನೆ ಎಂದರು. ಮಗ ಹತ್ತು ದಿನದಿಂದ ಮನೆಗೆ ಬಂದಿಲ್ಲ ಎಂದರು. ಆಮೇಲೆ ಹೇಳಿದರು:

"ಎತ್ಕೊಂಡು ಹೋದ ಅಂತ ಹಿಡ್ದಿದಾರೆ ಸಾಹೇಬ್ರೇ. ಅಲ್ಲೇ ಬಿಟ್ಟು ಹೋಗಿದ್ರೆ ಮನೇಲಿ ಇರ್ತಿದ್ದ. ಇನ್ಮೇಲೆ ನಾನು ನನ್ ಮಗನ್ಗೆ ಏನಂತ ಬುದ್ಧಿ ಹೇಳ್ಲಿ?"

ನನ್ನ ಹೆಂಡತಿ ಇದ್ದಿದ್ದರೆ ಏನಾದರೂ ಹೇಳುತ್ತಿದ್ದಳು. ಹೆಂಗಸರ ಹತ್ತಿರ ಮಾತಾಡುವುದು, ನೆಂಟರನ್ನು ಕೂರಿಸುವುದು ಎಲ್ಲ ಆಕೆಯದೇ. ನಾನು ಗಂಟೆ ಹೇಳುವವನು ಮಾತ್ರ.

ಈ ದಿನ ಬೆಳಿಗ್ಗೆ 10-15ಕ್ಕೆ ಠಾಣೆಗೆ ಬಂದೆ. ನಾಗರಾಜು ಅವರು ನನ್ನ ಮಾತು ಪೂರ್ತಿ ಕೇಳಿ ಟೀ ತರಿಸಿಕೊಟ್ಟರು. ಟಿಪ್ಪರು ಗುದ್ದಿತು ಎಂದಷ್ಟು ಬರೆಯಿರಿ ಸಾಕು, ಏಣಿಯ ವಿಷಯ ಬಿಟ್ಟುಬಿಡಿ, ಸುಳ್ಳು ಮಾಹಿತಿ ಕೊಟ್ಟೆನೆಂದು ನೀವಾಗಿಯೇ ಬರೆದುಕೊಟ್ಟರೆ ನಾಳೆ ನಿಮ್ಮ ಮೇಲೇ ಕೇಸು ಆದೀತು, ಈ ವಯಸ್ಸಿನಲ್ಲಿ ಬೇಕೇ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಏಣಿಯನ್ನು ಬಿಟ್ಟರೆ ಆಸ್ಪತ್ರೆಯ ಮೊದಲ ಚೀಟಿ ಹಾಗೆಯೇ ಉಳಿಯುತ್ತದೆ, ಆ ಸುಳ್ಳಿಗೆ ಒಬ್ಬ ಯಜಮಾನ ಬೇಕಾಗುತ್ತದೆ, ಆ ಯಜಮಾನ ಮೆಹಬೂಬನೇ ಆಗುತ್ತಾನೆ. ಆದ್ದರಿಂದ ಬಿಡಲಿಲ್ಲ.

ಟೈಮ್ ಕೀಪರ್ ಆಗಿದ್ದವನಾದ್ದರಿಂದ ಲೆಕ್ಕ ಹಾಕಿದ್ದೇನೆ. ಟಿಪ್ಪರು ಗುದ್ದಿದ್ದಕ್ಕೂ ಡಾಕ್ಟರು ಬಾಗಿಲು ತೆರೆದದ್ದಕ್ಕೂ ನಡುವೆ ಏಳು ಗಂಟೆ ಹತ್ತು ನಿಮಿಷ. ಅದರಲ್ಲಿ ಹದಿನಾಲ್ಕು ನಿಮಿಷ ನಿಲ್ಲದೆ ಹೋದ ಗಾಡಿಗಳದು. ಇಪ್ಪತ್ತೈದು ನಿಮಿಷ ಇಲ್ಲದ ಆಂಬುಲೆನ್ಸಿನದು. ಇಪ್ಪತ್ತೆರಡು ಬಿಡದಿಯದು. ಮೂವತ್ತೈದು ನಿಮಿಷ ಮೊದಲ ಆಸ್ಪತ್ರೆಯ ಚೀಟಿಯದು, ನಲವತ್ತು ಎರಡನೇ ಆಸ್ಪತ್ರೆಯ ಕಿಟಕಿಯದು. 10-05ರಿಂದ 11-40ರವರೆಗಿನ ಒಂದು ಗಂಟೆ ಮೂವತ್ತೈದು ನಿಮಿಷ ನನ್ನದು. ಬೇರೆಯವರದ್ದನ್ನು ಯಾರು ಕೇಳಬೇಕೋ ಅವರು ಕೇಳಲಿ. ನನ್ನದನ್ನು ಬರೆದುಕೊಳ್ಳಬೇಕು. ಮೆಹಬೂಬನ ಲೆಕ್ಕದಲ್ಲಿ ಒಂದು ನಿಮಿಷವೂ ಇಲ್ಲ.

ಮೆಹಬೂಬನನ್ನು ಬಿಟ್ಟು ಕಳಿಸಬೇಕೆಂದೂ, ಟೆಂಪೊವನ್ನು ವಾಪಸು ಕೊಡಬೇಕೆಂದೂ, ನನ್ನ ಮೇಲೆ ಯಾವ ಕ್ರಮ ತೆಗೆದುಕೊಂಡರೂ ತಕರಾರಿಲ್ಲವೆಂದೂ ತಿಳಿಸುತ್ತೇನೆ. ಇನ್ನೊಂದು ಕೋರಿಕೆ ಇದೆ. ರಾಮನಗರದ ಚೀಟಿಯ ಮೊದಲ ಸಾಲಿನಲ್ಲಿ ಏಣಿಯಿಂದ ಬಿದ್ದು ಎಂದು ಇರುವುದನ್ನು ಬರೀ ಗೆರೆ ಎಳೆದು ಬಿಡದೆ, ಅದು ಗಂಡ ಹೇಳಿದ ಸುಳ್ಳು ಎಂದು ಪಕ್ಕದಲ್ಲಿ ಬರೆಸಬೇಕು. ಯಾಕೆಂದರೆ ಕೊನೆಗೆ ಉಳಿಯುವುದು ಕಾಗದ. ನನ್ನ ಹೆಂಡತಿ ಮೂವತ್ತೊಂದು ವರ್ಷ ನಾಲ್ಕಡಿ, ಎಂಟಡಿ, ಹತ್ತಡಿ ಏಣಿ ಹತ್ತಿ ಇಳಿದವಳು. ಒಂದು ದಿನವೂ ಬಿದ್ದವಳಲ್ಲ.

ಮೇಲೆ ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದ್ದು, ನಾಗರಾಜು ಅವರು ಕೇಳಿರುತ್ತಾರೆ. ಇದರಲ್ಲಿ ಸುಳ್ಳಿನ ಮಾತು ಬಂದಿರುವುದು ನಾನು ಹೇಳಿದ್ದ ಏಣಿಯೂ, ಕೆಂಗೇರಿಯಲ್ಲಿ ಹೇಳಿದ ಗಂಟೆಯೂ ಮಾತ್ರ. ಆ ಎರಡನ್ನೂ ನಾನು ಹೇಳಿದ್ದು ನಿಜ. ಮಿಕ್ಕಿದ್ದೆಲ್ಲ ನಡೆದಂತೆಯೇ ಇದೆ. ಯಾರ ಬಲವಂತವೂ ಇಲ್ಲ.

ಸ್ಥಳ: ಚನ್ನಪಟ್ಟಣ
ದಿನಾಂಕ: 31-03-2006, ಶುಕ್ರವಾರ, ಮಧ್ಯಾಹ್ನ 1-05

ಸಹಿ
ಕೆಂಪರಾಜು
ವೆಂಕಟಲಕ್ಷ್ಮಮ್ಮನ ಗಂಡ